ಚೈನ್ ಇತ್ತು, ಆದರೂ ಟ್ರೇಲರ್ ಕಳಚಿತು: ಸೇಫ್ಟಿ ಚೈನಿನ ದೋಷ ಹುಡುಕುವ ಕ್ರಮ

ಮೆಕ್ಕೆಜೋಳದ ಸುಗ್ಗಿ. ಭರಮಸಾಗರದ ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಹೊರಟಿದ್ದೆ. ಹಿಂದೆ ನಾಲ್ಕು ಗಾಲಿಯ ಟ್ರೇಲರ್, ಅದರಲ್ಲಿ 80 ಚೀಲ. ಆನಗೋಡು ಇನ್ನೂ ಮುಂದಿತ್ತು. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯ ಸಣ್ಣ ಏರಿನಲ್ಲಿ ಗೇರ್ ಬದಲಿಸಿ ಕ್ಲಚ್ ಬಿಟ್ಟೆ. ಟ್ರ್ಯಾಕ್ಟರ್ ಒಮ್ಮೆಲೇ ಹಗುರಾಗಿ ಮುಂದಕ್ಕೆ ಹಾರಿತು. ತಿರುಗಿ ನೋಡಿದರೆ ಟ್ರೇಲರ್ ಹಿಂದಕ್ಕೆ ಇಳಿಯುತ್ತಿತ್ತು. ಟ್ರೇಲರಿನ ಮುಂದೆ ಚಾಚಿದ ಮೂಕಿ ನೆಲಕ್ಕೆ ಬಡಿದು, ಮುಂದಿನ ಗಾಲಿ ಎಡಕ್ಕೆ ತಿರುಗಿ, ಇಡೀ ಗಾಡಿ ಚರಂಡಿಗೆ ಹೊರಳಿತು. ಹಿಂದೆ ಬರುತ್ತಿದ್ದ ಬೈಕಿನವರು ಹೊಲಕ್ಕೆ ಇಳಿಸಿಕೊಂಡು ಉಳಿದರು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಸುದ್ದಿ ತಿಳಿದು ಬಂದ ದೊಡ್ಡಪ್ಪ ಕೇಳಿದ ಮೊದಲ ಮಾತು, "ಚೈನ್ ಹಾಕಿದ್ದಿಲ್ಲೇನಪ?"

"ಹಾಕಿದ್ದೆ ದೊಡ್ಡಪ್ಪ. ನೋಡು, ಹೊಸದೈತಿ."

ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಹಿಚ್ಚು ಬಿಟ್ಟುಕೊಂಡರೂ ಗಾಡಿಯನ್ನು ಹಿಡಿದಿಡಬೇಕಾದ ಸೇಫ್ಟಿ ಚೈನ್ ನಿಜಕ್ಕೂ ಹೊಸದೇ. ಒಂದು ಕೊಂಡಿಯೂ ಹಿಗ್ಗಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಟ್ರೇಲರಿನ ಮೂಕಿಯಿಂದ ಜೋತು ಬಿದ್ದಿತ್ತು, ಅದರ ಇನ್ನೊಂದು ತುದಿಯಲ್ಲಿ ಹಿಚ್ ಪಿನ್ನು ನೇತಾಡುತ್ತಿತ್ತು. ಚೈನಿನ ತುದಿಯನ್ನು ನಾನು ಅದೇ ಪಿನ್ನಿಗೆ ಸುತ್ತಿ ಸಿಕ್ಕಿಸಿದ್ದೆ. ಪಿನ್ನಿನ ಲಾಕ್ ಕಳೆದುಹೋಗಿ, ಅದರ ಜಾಗಕ್ಕೆ ಕಟ್ಟಿದ್ದ ಬೈಂಡಿಂಗ್ ವೈರ್ ತುಂಡಾಗಿತ್ತು. ಕುಲುಕಾಟಕ್ಕೆ ಪಿನ್ನು ಮೇಲಕ್ಕೇರಿ ಹೊರಗೆ ಬಂತು, ಬರುವಾಗ ಚೈನನ್ನೂ ಜೊತೆಗೆ ಕರೆದುಕೊಂಡೇ ಬಂತು.

ಅಲ್ಲಿಂದೀಚೆಗೆ ನಮ್ಮ ರಿಪೇರಿ ಶೆಡ್ಡಿಗೆ ಯಾವ ಟ್ರ್ಯಾಕ್ಟರ್ ಬಂದರೂ, ಬಂದ ಕೆಲಸ ಯಾವುದೇ ಇರಲಿ, ಮೊದಲು ಹಿಂದೆ ಹೋಗಿ ಬಗ್ಗಿ ನೋಡುತ್ತೇನೆ. ಹಾಗೆ ನೋಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕೈ ಹಾಕುವ ಮುಂಚೆ

ಗಾಡಿ ಸಮತಟ್ಟು ನೆಲದಲ್ಲಿರಲಿ, ಸಾಧ್ಯವಾದರೆ ಖಾಲಿ ಇರಲಿ. ಇಂಜಿನ್ ಬಂದ್, ಹ್ಯಾಂಡ್ ಬ್ರೇಕ್ ಬಿಗಿ, ಟ್ರೇಲರಿನ ಗಾಲಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡಿ. ಒಬ್ಬರು ಸೀಟಿನಲ್ಲಿ ಕೂತು ಹಿಂದಕ್ಕೆ ತರುತ್ತಿರುವಾಗ ಇನ್ನೊಬ್ಬರು ಟ್ರ್ಯಾಕ್ಟರಿಗೂ ಮೂಕಿಗೂ ನಡುವೆ ನಿಂತು ಪಿನ್ನು ಹಿಡಿದುಕೊಂಡಿರುವುದು ನಮ್ಮ ಕಡೆ ದಿನವೂ ಕಾಣುವ ದೃಶ್ಯ. ದಯವಿಟ್ಟು ನಿಲ್ಲಬೇಡಿ. ಕ್ಲಚ್ ಮೇಲಿನ ಕಾಲು ಒಂದು ಗೇಣು ಜಾರಿದರೆ ಸಾಕು, ಸೊಂಟ ಉಳಿಯುವುದಿಲ್ಲ. ಗಾಡಿ ನಿಂತು ಇಂಜಿನ್ ಬಂದ್ ಆದ ಮೇಲೆ ನಡುವೆ ಹೋಗಿ.

ಪಿನ್ನು ಕಿತ್ತು ನೋಡಿ

ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಗಾಲಿಗೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಜಾಕ್ ಅಥವಾ ದಪ್ಪ ಮರದ ದಿಮ್ಮಿ ಇಟ್ಟು, ಹಿಚ್ ಪಿನ್ನನ್ನು ಕೈಯಾರೆ ಎತ್ತಿ ತೆಗೆಯಿರಿ. ಈಗ ಟ್ರೇಲರನ್ನು ಟ್ರ್ಯಾಕ್ಟರಿಗೆ ಹಿಡಿದಿರುವುದು ಏನು? ಚೈನಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳು ಆಡಿಸುತ್ತಾ ಹೋಗಿ. ದಾರಿಯಲ್ಲಿ ಎಲ್ಲಾದರೂ ಹಿಚ್ ಪಿನ್ನು, ಹಿಚ್ಚಿನ ಹುಕ್ಕು, ಅಥವಾ ಮೂಕಿ ತುದಿಯ ರಿಂಗು ಎದುರಾದರೆ ಆ ಚೈನ್ ಇದ್ದೂ ಇಲ್ಲದ ಹಾಗೆ. ಹಿಚ್ಚು ಮುರಿದರೂ ತಾನು ಉಳಿಯಬೇಕಾದ ವಸ್ತು ಹಿಚ್ಚಿನ ಮೇಲೇ ನಿಂತಿದೆ ಎಂದರ್ಥ.

ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಪಿನ್ನಿಗೆ ಸುತ್ತಿದ್ದು ಒಂದು. ಟ್ರೇಲರ್ ಕಡೆಯ ತುದಿಯನ್ನು ರಿಂಗಿನೊಳಗೇ ತೂರಿಸಿದ್ದು ಇನ್ನೊಂದು. ಆ ರಿಂಗಿನ ವೆಲ್ಡಿಂಗ್ ಬಿಟ್ಟರೆ ರಿಂಗೂ ಚೈನೂ ಟ್ರ್ಯಾಕ್ಟರಿನ ಹತ್ತಿರ ಉಳಿದು ಟ್ರೇಲರ್ ಮಾತ್ರ ಹೋಗುತ್ತದೆ. ಮೂರನೆಯದು, ಹೈಡ್ರಾಲಿಕ್ಕಿನ ಕೆಳಗಿನ ಲಿಂಕ್ ತೋಳಿಗೆ ಕಟ್ಟಿದ್ದು. ಆ ತೋಳು ಮೇಲೆ ಕೆಳಗೆ ಆಡುವಂಥದ್ದು. ಯಾರೋ ಲಿವರ್ ಮುಟ್ಟಿದರೆ ಚೈನ್ ಬಿಗಿಯುತ್ತದೆ, ಇನ್ನೊಮ್ಮೆ ನೆಲಕ್ಕೆ ಜೋಲುತ್ತದೆ. "ಚೈನ್ ಒಂದೊಂದು ದಿನ ಬಿಗಿ, ಒಂದೊಂದು ದಿನ ಸಡಿಲ ಆಗ್ತೈತಿ, ಯಾಕೋ ಗೊತ್ತಾಗ್ತಿಲ್ಲ ಅಣ್ಣ" ಎಂದು ಯಾರಾದರೂ ಬಂದರೆ ನಾನು ನೇರವಾಗಿ ಆ ತೋಳನ್ನೇ ನೋಡುತ್ತೇನೆ.

ಸರಿಯಾದ ಜಾಗ ಇದು: ಟ್ರ್ಯಾಕ್ಟರ್ ಕಡೆ, ಹಿಂದಿನ ಹೌಸಿಂಗಿಗೆ ಬೋಲ್ಟ್ ಆಗಿರುವ ಹಿಚ್ ಚೌಕಟ್ಟಿನ ಮೈಗೆ, ಪಿನ್ನಿನಿಂದ ಎಡಕ್ಕೂ ಬಲಕ್ಕೂ ಸಮ ದೂರದಲ್ಲಿ ಎರಡು ದಪ್ಪ ಕಿವಿಗಳು, ಅಂದರೆ ಚೈನ್ ಸಿಕ್ಕಿಸಲು ತೂತಿರುವ ಪ್ಲೇಟುಗಳು. ಟ್ರೇಲರ್ ಕಡೆ, ರಿಂಗನ್ನು ಬಿಟ್ಟು ಹಿಂದಕ್ಕೆ ಬಂದು, ಮೂಕಿಯ ಎರಡು ಚಾನೆಲ್‌ಗಳ ಮೈಗೆ ಒಂದೊಂದು ಕಿವಿ. ಅಮೆರಿಕದ ಫೆಡರಲ್ ಮೋಟಾರು ವಾಹನ ನಿಯಮಗಳ 393.70ನೆಯ ವಿಧಿ ಪೂರ್ಣ ಟ್ರೇಲರುಗಳಿಗೆ ಹೇಳುವುದೂ ಇದನ್ನೇ: ಎರಡು ಚೈನ್ ಬೇರೆಬೇರೆ ಕಡೆ ಕಟ್ಟಿದರೆ ಅವು ನಡುಗೆರೆಯಿಂದ ಸಮ ದೂರದಲ್ಲಿರಬೇಕು, ಸಡಿಲ ತಿರುವಿಗೆ ಬೇಕಾದಷ್ಟೇ ಇರಬೇಕು, ಮತ್ತು ಚೈನ್ ತುಂಡಾಗುವ ಭಾರ ಹಿಂದೆ ಎಳೆಸಿಕೊಂಡು ಬರುವ ಗಾಡಿಯ ಒಟ್ಟು ತೂಕಕ್ಕಿಂತ ಕಡಿಮೆ ಇರಬಾರದು. ಬೇರೆ ದೇಶದ ಕಾನೂನು ನಿಜ. ಆದರೆ ಕಬ್ಬಿಣ ಎಲ್ಲಿಯಾದರೂ ಕಬ್ಬಿಣವೇ ಎಂಬ ಕಾರಣಕ್ಕೆ ಈ ಮೂರು ಮಾತನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಹೊಳಪು ಎಲ್ಲಿದೆ?

ಸೇಫ್ಟಿ ಚೈನ್ ಎಳೆಯುವ ಚೈನ್ ಅಲ್ಲ. ಹಿಚ್ಚು ಸರಿಯಿರುವಷ್ಟು ದಿನ ಅದರ ಮೇಲೆ ಸ್ವಂತ ತೂಕ ಬಿಟ್ಟರೆ ಬೇರೆ ಭಾರವೇ ಬೀಳಬಾರದು. ಹಾಗಾಗಿ ಆರೋಗ್ಯವಾಗಿರುವ ಚೈನ್ ಮಂಕಾಗಿ, ಧೂಳು ಹಿಡಿದು, ಒಂದೇ ಬಣ್ಣದಲ್ಲಿರುತ್ತದೆ. ಎಲ್ಲಿ ಬೆಳ್ಳಗೆ ಹೊಳೆಯುತ್ತಿದೆಯೋ ಅಲ್ಲಿ ಅದು ಮಾಡಬಾರದ ಕೆಲಸ ಮಾಡುತ್ತಿದೆ. ನಾಲ್ಕು ದಿನ ಓಡಿಸಿದ ಮೇಲೆ ಆ ಹೊಳಪನ್ನು ಓದಿದರೆ ಅರ್ಧ ದೋಷ ಅಲ್ಲೇ ಸಿಗುತ್ತದೆ.

ನಡುವಿನ ಕೊಂಡಿಗಳ ಹೊಟ್ಟೆ ಮಾತ್ರ ಸವೆದು ಹೊಳೆಯುತ್ತಿದ್ದರೆ ಚೈನ್ ನೆಲಕ್ಕೆ ತಾಗುತ್ತಿದೆ. ರಾತ್ರಿ ಹೊತ್ತು ಹಿಂದಿನವರಿಗೆ ಕಿಡಿ ಕಾಣುತ್ತದೆ. ಹುಲ್ಲು, ಹತ್ತಿ, ಒಣ ರವದಿ ತುಂಬಿದ ಗಾಡಿಯಾದರೆ ಆ ಕಿಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟಾರು ರಸ್ತೆಯ ಮೇಲೆ ಉಜ್ಜುವ ಕೊಂಡಿ ಎಷ್ಟು ಬೇಗ ತೆಳುವಾಗುತ್ತದೆಂದರೆ, ಮೇಲಿನಿಂದ ನೋಡಿದಾಗ ಹೊಸದರಂತೆ ಕಾಣುವ ಚೈನನ್ನು ಮಗುಚಿದರೆ ಅರ್ಧ ದಪ್ಪವೂ ಉಳಿದಿರುವುದಿಲ್ಲ.

ಕೊಂಡಿಗೆ ಕೊಂಡಿ ಕೂರುವ ಒಳಬಾಗು ಹೊಳೆಯುತ್ತಿದ್ದರೆ ಚೈನ್ ಗಿಡ್ಡವಾಗಿದೆ, ಪ್ರತಿ ತಿರುವಿನಲ್ಲೂ ಎಳೆತ ತಿನ್ನುತ್ತಿದೆ. ಇದನ್ನು ಖಚಿತ ಮಾಡಿಕೊಳ್ಳಲು ಖಾಲಿ ಕಣದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ ನಿಧಾನ ಓಡಿಸಿ. ಇನ್ನೊಬ್ಬರು ದೂರದಲ್ಲಿ, ಸುತ್ತಿನ ಹೊರಗೆ ನಿಂತು ನೋಡಲಿ. ಕೊನೆಯ ತಿರುವಿನಲ್ಲೂ ಚೈನ್ ತಂತಿಯಂತೆ ಸೆಟೆಯಬಾರದು. ಭದ್ರಾ ನಾಲೆಯ ಏರಿ ಮೇಲೆ ಓಡಾಡುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು. ಗದ್ದೆಯಿಂದ ಏರಿಗೆ ಹತ್ತುವಾಗ ಟ್ರ್ಯಾಕ್ಟರ್ ಮೇಲೆ, ಟ್ರೇಲರ್ ಕೆಳಗೆ, ನಡುವೆ ಮಡಿಕೆ ಬೀಳುತ್ತದೆ. ಸಮತಟ್ಟಿನಲ್ಲಿ ಸರಿಯಿದ್ದ ಚೈನ್ ಅಲ್ಲಿ ಬಿಗಿಯಬಹುದು.

ಎರಡರಲ್ಲಿ ಒಂದೇ ಚೈನ್ ಹೊಳೆಯುತ್ತಿದ್ದರೆ ಉದ್ದ ಸಮವಿಲ್ಲ, ಅಥವಾ ಕಿವಿಗಳು ನಡುಗೆರೆಯಿಂದ ಸಮ ದೂರದಲ್ಲಿಲ್ಲ. ಪಕ್ಕದ ಮೈ ಹೊಳೆದರೆ ಯಾವುದಕ್ಕೋ ಉಜ್ಜುತ್ತಿದೆ. ಪಿಟಿಒ (ಇಂಜಿನ್ನಿನ ಬಲ ಹೊರಕೊಡುವ ಹಿಂದಿನ ಶಾಫ್ಟ್) ಗಾರ್ಡು, ಹೈಡ್ರಾಲಿಕ್ ಪೈಪು ನೋಡಿ.

ಇಷ್ಟು ನೋಡಿದ ಮೇಲೆ ಹಿಚ್ಚಿನ ಹೊಳಪನ್ನೂ ಓದಿ. ಎರಡು ಗಾಲಿಯ ಟ್ರೇಲರ್ ಆಗಿದ್ದು, ಹಿಚ್ಚಿನ ಮೇಲಿನ ದವಡೆಯ ಒಳಗೆ ರಿಂಗು ಉಜ್ಜಿದ ಗುರುತಿದ್ದರೆ ಭಾರ ಗಾಲಿಯ ಅಚ್ಚಿನ (ಆಕ್ಸಲ್) ಹಿಂದಕ್ಕೆ ಬೀಳುತ್ತಿದೆ, ಮೂಕಿ ಮೇಲಕ್ಕೇಳುತ್ತಿದೆ. ಎತ್ತಿನ ಗಾಡಿಯಲ್ಲಿ ಇದನ್ನು ನಮ್ಮ ಹಿರಿಯರು ಎತ್ತಿನ ಕೊರಳು ನೋಡಿಯೇ ಹೇಳುತ್ತಿದ್ದರು. ಕೊರಳ ಹಗ್ಗ ಬಿಗಿದು ಎತ್ತು ಗೋಣು ಎತ್ತಿತೆಂದರೆ ಹಿಂದೆ ಭಾರ ಹೆಚ್ಚಾಗಿದೆ, ಎರಡು ಚೀಲ ಮುಂದಕ್ಕೆ ಹಾಕು ಎನ್ನುತ್ತಿದ್ದರು. ಟ್ರ್ಯಾಕ್ಟರ್ ಗೋಣು ಎತ್ತಿ ಹೇಳುವುದಿಲ್ಲ. ಹಿಂಭಾರದ ಗಾಡಿಯಲ್ಲಿ ಪಿನ್ನು ಕಳಚಿದರೆ ಮೂಕಿ ನೆಲಕ್ಕೆ ಬೀಳುವ ಬದಲು ಮೇಲಕ್ಕೆ ಚಿಮ್ಮುತ್ತದೆ, ಎದುರಿಗೆ ಇರುವುದು ಚಾಲಕನ ಬೆನ್ನು. ಆಗ ಅದನ್ನು ತಡೆಯುವುದು ಚೈನ್ ಒಂದೇ. ಆದ್ದರಿಂದ ಇಂಥ ಗಾಡಿಯಲ್ಲಿ ಚೈನ್ ನೋಡುವ ಮೊದಲು ಚೀಲ ಜೋಡಿಸುವ ಕ್ರಮ ಬದಲಿಸಿ. ಮೂಕಿಯ ಮೇಲೆ ಸ್ವಲ್ಪ ಕೆಳಭಾರ ಇರಲೇಬೇಕು.

ದಪ್ಪ ಸಾಕೇ? ಲೆಕ್ಕ ಹಾಕಿ

"ಬೆರಳು ದಪ್ಪ ಐತಿ, ಸಾಕು ಬಿಡು" ಎನ್ನುವುದು ಲೆಕ್ಕವಲ್ಲ. ಚೈನಿಗೆ ದಪ್ಪ ಒಂದು, ದರ್ಜೆ ಇನ್ನೊಂದು. ಗ್ರೇಡ್ 30 ಎಂದರೆ ಉಕ್ಕಿನ ಪ್ರತಿ ಚದರ ಮಿಲಿಮೀಟರಿಗೆ 300 ನ್ಯೂಟನ್ ಎಳೆತಕ್ಕೆ ತುಂಡಾಗುವ ದರ್ಜೆ, ಗ್ರೇಡ್ 80 ಎಂದರೆ 800 ನ್ಯೂಟನ್. ಕೊಂಡಿಗೆ ಎರಡು ಕಾಲು ಇರುವುದರಿಂದ ಎರಡರ ವಿಸ್ತೀರ್ಣ ಸೇರಿಸಬೇಕು. 10 ಮಿಲಿಮೀಟರ್ ಚೈನಿನಲ್ಲಿ ಅದು ಸುಮಾರು 157 ಚದರ ಮಿಲಿಮೀಟರ್. ಗ್ರೇಡ್ 30 ಆದರೆ 47 ಕಿಲೊನ್ಯೂಟನ್, ಅಂದರೆ 4.8 ಟನ್ ಹತ್ತಿರ ತುಂಡಾಗುತ್ತದೆ. ಅದೇ ದಪ್ಪದ ಗ್ರೇಡ್ 80 ಚೈನ್ 12.8 ಟನ್ ತನಕ ತಡೆಯುತ್ತದೆ. ಕಣ್ಣಿಗೆ ಎರಡೂ ಒಂದೇ. ಗ್ರೇಡ್ 80 ಚೈನಿನಲ್ಲಿ ಅಲ್ಲಲ್ಲಿ ಕೊಂಡಿಯ ಮೇಲೆ 8 ಅಥವಾ 80 ಎಂಬ ಅಚ್ಚು ಇರುತ್ತದೆ. ಅಚ್ಚು ಕಾಣದಿದ್ದರೆ, ಅಂಗಡಿಯವರು ಏನೇ ಹೇಳಲಿ, ನಾನು ಅದನ್ನು ಗ್ರೇಡ್ 30 ಎಂದೇ ಎಣಿಸುತ್ತೇನೆ.

ನನ್ನ ಗಾಡಿಯದ್ದೇ ತೆಗೆದುಕೊಳ್ಳಿ. 60 ಕಿಲೊದ 80 ಚೀಲ, 4,800 ಕಿಲೊ. ವೇಬ್ರಿಡ್ಜ್ ಚೀಟಿಯ ಪ್ರಕಾರ ಖಾಲಿ ಟ್ರೇಲರ್ 1,700. ಒಟ್ಟು ಆರೂವರೆ ಟನ್. ನಾನು ಹೊಸದೆಂದು ಹೆಮ್ಮೆಪಟ್ಟ 10 ಮಿಲಿಮೀಟರಿನ ಅಚ್ಚಿಲ್ಲದ ಚೈನ್, ಸರಿಯಾದ ಜಾಗಕ್ಕೆ ಕಟ್ಟಿದ್ದರೂ ಸಾಲುತ್ತಿರಲಿಲ್ಲ. ಈ ಲೆಕ್ಕವನ್ನು ಮಾಡಿದ ದಿನ ನನಗೆ ಇನ್ನಷ್ಟು ಭಯವಾಯಿತು.

ಎರಡು ಚೈನ್ ಇದ್ದರೆ ಭಾರ ಹಂಚಿಹೋಗುತ್ತದಲ್ಲ ಎಂದು ಕೇಳುತ್ತಾರೆ. ನೇರ ರಸ್ತೆಯಲ್ಲಿ ಹೌದು. ತಿರುವಿನಲ್ಲಿ ಕಳಚಿದರೆ ಮೊದಲ ಏಟು ಒಂದೇ ಚೈನಿಗೆ ಬೀಳುತ್ತದೆ. ಹಾಗಾಗಿ ಒಂದೊಂದೂ ಒಂಟಿಯಾಗಿ ಪೂರ್ತಿ ತೂಕ ತಡೆಯುವಂತಿರಲಿ ಎನ್ನುವುದು ನನ್ನ ಹಟ.

ಸಡಿಲ ಎಂಬ ಕಳ್ಳ

ತೂಕದಷ್ಟೇ ತಡೆಯುವ ಚೈನ್ ಯಾಕೆ ಒಮ್ಮೊಮ್ಮೆ ತುಂಡಾಗುತ್ತದೆ? ಜಗ್ಗಿನಿಂದ. ಪಿನ್ನು ಕಳಚಿದ ಕ್ಷಣದಿಂದ ಚೈನ್ ಬಿಗಿಯುವ ತನಕ ಟ್ರ್ಯಾಕ್ಟರ್ ಮುಂದಕ್ಕೆ, ಟ್ರೇಲರ್ ಹಿಂದಕ್ಕೆ ಹೋಗುತ್ತಾ ಇಬ್ಬರ ನಡುವೆ ವೇಗದ ಅಂತರ ಬೆಳೆಯುತ್ತದೆ. ಆ ಅಂತರ ಸೆಕೆಂಡಿಗೆ ಬರೀ 1 ಮೀಟರ್, ಅಂದರೆ ಗಂಟೆಗೆ 3.6 ಕಿಲೊಮೀಟರ್, ಮನುಷ್ಯ ನಿಧಾನ ನಡೆಯುವಷ್ಟು ಎಂದುಕೊಳ್ಳಿ. 6,500 ಕಿಲೊದ ಗಾಡಿಯಲ್ಲಿ ಅದು 3,250 ಜೂಲ್ ಶಕ್ತಿ. ಚೈನೂ ಕಿವಿಯೂ ಸೇರಿ 3 ಸೆಂಟಿಮೀಟರ್ ಹಿಗ್ಗಿ ಅದನ್ನು ತಡೆದರೆ ಸರಾಸರಿ ಎಳೆತ 108 ಕಿಲೊನ್ಯೂಟನ್, ಸುಮಾರು 11 ಟನ್. ತೂಕದ ಹತ್ತಿರ ಹತ್ತಿರ ಒಂದೂ ಮುಕ್ಕಾಲು ಪಟ್ಟು! ಇದನ್ನು ನೋಡಿಯೇ ನಾನು ಈಗ 10 ಮಿಲಿಮೀಟರಿನ ಗ್ರೇಡ್ 80 ಹಾಕಿದ್ದೇನೆ. ಗ್ರೇಡ್ 30ರಲ್ಲೇ ಇಷ್ಟು ಬಲ ಬೇಕೆಂದರೆ 16 ಮಿಲಿಮೀಟರ್ ಬೇಕು, ಅದನ್ನು ಎತ್ತಿ ಕಟ್ಟುವುದೇ ದಿನದ ಕೆಲಸವಾಗುತ್ತದೆ.

ಚೈನ್ ಉದ್ದ ಹೆಚ್ಚಿದ್ದರೆ ಆ ವೇಗದ ಅಂತರ ಬೆಳೆಯಲು ಜಾಗ ಹೆಚ್ಚು. ಇಲ್ಲೇ ಗುಣಿಸು ಗುರುತಿನಂತೆ ಕಟ್ಟುವುದರ ಲಾಭ: ಟ್ರೇಲರಿನ ಎಡ ಕಿವಿಯಿಂದ ಟ್ರ್ಯಾಕ್ಟರಿನ ಬಲ ಕಿವಿಗೆ, ಬಲದಿಂದ ಎಡಕ್ಕೆ, ಮೂಕಿಯ ಕೆಳಗೆ ಹಾಯಿಸಿ. ನೇರ ಕಟ್ಟಿದಾಗ ತಿರುವಿಗೆ ಬೇಕಾಗುವ ಸಡಿಲಕ್ಕಿಂತ ಹೀಗೆ ಅಡ್ಡ ಕಟ್ಟಿದಾಗ ಕಡಿಮೆ ಸಾಕು. ಅದಕ್ಕಿಂತ ದೊಡ್ಡ ಲಾಭ, ಪಿನ್ನು ಕಳಚಿದರೆ ಮೂಕಿ ಈ ಎರಡು ಚೈನಿನ ತೊಟ್ಟಿಲಲ್ಲಿ ಬೀಳುತ್ತದೆ, ನೆಲಕ್ಕೆ ಚುಚ್ಚಿಕೊಳ್ಳುವುದಿಲ್ಲ. ಓಡುತ್ತಿರುವ ಗಾಡಿಯ ಮೂಕಿ ಗುಂಡಿಗೆ ಚುಚ್ಚಿಕೊಂಡರೆ ಹಿಂದಿನ ಭಾರವೆಲ್ಲ ಅದರ ಮೇಲೆ ನುಗ್ಗಿ ಟ್ರೇಲರ್ ಮಗುಚುತ್ತದೆ.

ಉದ್ದವಾಯಿತೆಂದು ಚೈನನ್ನು ಹಗ್ಗದ ಹಾಗೆ ತಿರುಚಿ ಗಿಡ್ಡ ಮಾಡುವುದನ್ನು, ಗಂಟು ಹಾಕುವುದನ್ನು ಬಹಳ ಕಡೆ ನೋಡಿದ್ದೇನೆ. ತಿರುಚಿದ ಕೊಂಡಿ ನೇರ ಎಳೆತಕ್ಕೆ ಬದಲು ಬಾಗುವ ಹೊರೆ ಹೊರುತ್ತದೆ, ಅದರ ಬಲ ಕುಸಿಯುತ್ತದೆ. ಹೆಚ್ಚಾದ ಕೊಂಡಿಗಳನ್ನು ಕತ್ತರಿಸಿಬಿಡಿ. ಚೂರು ಜೋಲುತ್ತಿದೆ ಎನ್ನುವಷ್ಟೇ ಇದ್ದರೆ ಹಳೆಯ ಟ್ಯೂಬಿನ ಪಟ್ಟಿಯಿಂದ ನಡುಭಾಗವನ್ನು ಮೂಕಿಗೆ ಮೇಲೆತ್ತಿ ಕಟ್ಟಿ. ಎಳೆತ ಬಿದ್ದಾಗ ರಬ್ಬರ್ ಹರಿದು ಚೈನ್ ತನ್ನ ಉದ್ದಕ್ಕೆ ಬರುತ್ತದೆ.

ಕೊಂಡಿಗಿಂತ ಮೊದಲು ಸೋಲುವುದು ತುದಿ

ಚೈನ್ ಗ್ರೇಡ್ 80, ಅದನ್ನು ಹಿಡಿದಿರುವ ಬೋಲ್ಟು ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಕರಿ ಬೋಲ್ಟು. ಇಂಥ ಜೋಡಿ ಸಾಮಾನ್ಯ. ಬೋಲ್ಟಿನ ತಲೆಯ ಮೇಲೆ 8.8 ಎಂದಿರಬೇಕು. ಅದಕ್ಕಿಂತ ಒಳ್ಳೆಯದು ಫೋರ್ಜ್ ಮಾಡಿದ, ಭಾರದ ಅಚ್ಚಿರುವ ಡಿ ಶ್ಯಾಕಲ್, ಅಂದರೆ ಅಡ್ಡ ಪಿನ್ನಿರುವ ಡಿ ಆಕಾರದ ಕೊಂಡಿ. ಶ್ಯಾಕಲ್ಲಿನ ಪಿನ್ನು ಕುಲುಕಾಟಕ್ಕೆ ತಿರುಗಿ ಬಿಚ್ಚದಂತೆ ತಂತಿಯಿಂದ ಬಿಗಿಯಿರಿ. ಹುಕ್ಕಾದರೆ ಬಾಯಿಗೆ ಸ್ಪ್ರಿಂಗ್ ಲಾಚ್ ಇರಲೇಬೇಕು. ಲಾಚ್ ಹುಕ್ಕಿನ ಮೂಗಿಗೆ ಮುಟ್ಟುತ್ತಿಲ್ಲವೆಂದರೆ ಹುಕ್ಕು ಬಾಯಿ ಬಿಟ್ಟಿದೆ. ಬಡಿದು ಮುಚ್ಚಬೇಡಿ, ಎಸೆಯಿರಿ.

ಚೈನಿನ ಕೊಂಡಿಯನ್ನೇ ಮೂಕಿಗೆ ವೆಲ್ಡ್ ಮಾಡಿಸಿದ್ದರೆ ಅದನ್ನು ದೋಷವೆಂದೇ ಬರೆದುಕೊಳ್ಳಿ. ಗ್ರೇಡ್ 80ರ ಬಲ ಬಂದಿರುವುದು ಕಾಯಿಸಿ ಹದ ಮಾಡಿದ್ದರಿಂದ. ವೆಲ್ಡಿಂಗಿನ ಬಿಸಿ ಆ ಹದವನ್ನು ಕೆಡಿಸುತ್ತದೆ. ಮೂಕಿಗೆ ದಪ್ಪ ಪ್ಲೇಟಿನ ಕಿವಿ ವೆಲ್ಡ್ ಮಾಡಿಸಿ, ತೂತಿನ ಅಂಚು ಉಜ್ಜಿ ದುಂಡಗೆ ಮಾಡಿ, ಶ್ಯಾಕಲ್ ಹಾಕಿ ಚೈನ್ ಸೇರಿಸಿ.

ಕಿವಿಯ ವೆಲ್ಡಿಂಗಿನಲ್ಲಿ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ತಂತಿ ಬ್ರಷ್ಷಿನಿಂದ ಬಣ್ಣ, ತುಕ್ಕು ತೆಗೆದು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಚಿಂದಿಯಲ್ಲಿ ಪೂರ್ತಿ ಒರೆಸಿ, ಒಣ ಸೀಮೆಸುಣ್ಣವನ್ನು ಪುಡಿ ಮಾಡಿ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲಕ್ಕೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಐದು ರೂಪಾಯಿಯ ಈ ಪರೀಕ್ಷೆಯಲ್ಲಿ ಸಿಕ್ಕ ಬಿರುಕುಗಳನ್ನು ನೋಡಿ ಗಾಡಿ ಮಾಲೀಕರು ಸುಮ್ಮನೆ ನಿಂತುಬಿಟ್ಟದ್ದನ್ನು ನೋಡಿದ್ದೇನೆ.

ಸವೆತ ಅಳೆಯಲು ವರ್ನಿಯರ್ ಬೇಕು. ಕೊಂಡಿಯ ಒಳಬಾಗಿನಲ್ಲಿ ಅಡ್ಡ, ಉದ್ದ ಎರಡೂ ಕಡೆ ಅಳೆದು ಸರಾಸರಿ ತೆಗೆಯಿರಿ. ಮೂಲ ದಪ್ಪದಲ್ಲಿ ಶೇ 10 ಹೋಗಿದ್ದರೆ, ಅಂದರೆ 10 ಮಿಲಿಮೀಟರ್ ಚೈನ್ 9ಕ್ಕೆ ಇಳಿದಿದ್ದರೆ, ಅದರ ಆಯುಸ್ಸು ಮುಗಿದಿದೆ. ಗೊಬ್ಬರ, ಯೂರಿಯ ಹೊರುವ ಗಾಡಿಯಲ್ಲಿ ತುಕ್ಕು ಬೇಗ ತಿನ್ನುತ್ತದೆ, ಅಲ್ಲಿ ಸುಗ್ಗಿಗೊಮ್ಮೆಯಾದರೂ ಅಳೆಯಿರಿ. ಕೊಂಡಿಗಳು ಒಂದರೊಳಗೊಂದು ಸರಾಗ ಆಡದೆ ಕಚ್ಚಿಕೊಂಡಿದ್ದರೆ ಹಿಗ್ಗಿವೆ.

ಚೈನಿನ ಮೇಲೆ ಪದೇಪದೇ ಏಟು ಬೀಳಲು ಹಿಚ್ಚೇ ಕಾರಣವಾಗಿರುವುದೂ ಉಂಟು. ಕ್ಲಚ್ ಬಿಟ್ಟಾಗಲೆಲ್ಲ ಹಿಂದೆ "ಧಡ್" ಎಂದರೆ ಪಿನ್ನಿಗೂ ರಿಂಗಿಗೂ ನಡುವೆ ಆಟ ಹೆಚ್ಚಾಗಿದೆ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ದಪ್ಪ ಪಿನ್ನು ತುರುಕಬೇಡಿ, ತೂತಿನೊಳಗೆ ಕೂರುವ ಲೋಹದ ಬಳೆ, ಅಂದರೆ ಬುಷ್ ಹಾಕಿಸಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ತಯಾರಿಸಿದ ಹಳೆಯ ಲೇತ್ ಇರುವ ವರ್ಕ್‌ಶಾಪು ನಿಮ್ಮೂರ ಹತ್ತಿರ ಇದ್ದರೆ ಬುಷ್ ಕೆಲಸಕ್ಕೆ ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ, ಆ ಮಷೀನುಗಳ ಮೇಲೆ ನನಗೆ ಅಷ್ಟು ಪ್ರೀತಿ. ಪಿನ್ನಿನ ಲಾಕಿಗೆ ಬೈಂಡಿಂಗ್ ವೈರ್ ಎಂದೂ ಬೇಡ. ಟೂಲ್ ಬಾಕ್ಸಿನಲ್ಲಿ ನಾಲ್ಕು ಲಾಕ್ ಪಿನ್ನು ಇಟ್ಟುಕೊಳ್ಳಿ.

ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟುವವರಿಗೆ: ಮುಂದಿನ ಚೈನ್ ಎರಡೂ ಗಾಡಿಯ ಭಾರ ಸೇರಿಸಿ ತಡೆಯಬೇಕು. ಹಿಂದಿನದಕ್ಕೆ ಬೇರೆಯದೇ ಜೋಡಿ ಚೈನ್.

ರಸ್ತೆಯಲ್ಲಿ ಕಳಚಿದರೆ

ಎಲ್ಲ ಸರಿಯಿದ್ದೂ ಪಿನ್ನು ಹೋಯಿತು, ಚೈನ್ ಹಿಡಿಯಿತು ಎಂದುಕೊಳ್ಳಿ. ಹಿಂದಿನಿಂದ ಒಂದು ಜಗ್ಗು, ಆಮೇಲೆ ಮೂಕಿ ಅತ್ತಿತ್ತ ತೂಗುವ ಸದ್ದು. ಜೋರಾಗಿ ಬ್ರೇಕ್ ಒತ್ತಬೇಡಿ. ಚೈನ್ ಎಳೆಯಬಲ್ಲದು, ತಳ್ಳುವುದನ್ನು ತಡೆಯಲಾರದು. ಟ್ರ್ಯಾಕ್ಟರ್ ತಟಕ್ಕನೆ ನಿಂತರೆ ಬ್ರೇಕಿಲ್ಲದ ಟ್ರೇಲರ್ ಮೂಕಿ ಸಮೇತ ಹಿಂದಿನಿಂದ ನುಗ್ಗುತ್ತದೆ. ಕ್ಲಚ್ ಒತ್ತದೆ, ಥ್ರಾಟಲ್ ಸ್ವಲ್ಪ ಸ್ವಲ್ಪವೇ ಇಳಿಸಿ, ಸ್ಟೇರಿಂಗ್ ನೇರ ಹಿಡಿದು ಎಡ ಅಂಚಿಗೆ ಬನ್ನಿ. ಏರಿನಲ್ಲಾದರೆ ಚೈನ್ ಬಿಗಿಯಾಗಿದ್ದಂತೆಯೇ ನಿಲ್ಲಿಸಿ ಬ್ರೇಕ್ ಲಾಕ್ ಮಾಡಿ. ನಿಂತ ಕೂಡಲೇ ಪಕ್ಕದಿಂದ ಹೋಗಿ ಟ್ರೇಲರಿನ ಗಾಲಿಗೆ ಕಲ್ಲು ಕೊಡಿ, ಅದಾದ ಮೇಲೆ ಉಳಿದದ್ದು. ಆ ಕಲ್ಲಿಗಾಗಿ ರಸ್ತೆಯಲ್ಲಿ ಹುಡುಕಾಡುವಂತಾಗಬಾರದು, ಎರಡು ಮರದ ತುಂಡು ಗಾಡಿಯಲ್ಲೇ ಇರಲಿ.

ಹೀಗೆ ಒಮ್ಮೆ ಏಟು ತಿಂದ ಚೈನ್, ಶ್ಯಾಕಲ್, ಹುಕ್ಕು ಯಾವುದನ್ನೂ ಮತ್ತೆ ಕಟ್ಟಬೇಡಿ. ಹೊರಗೆ ಸರಿಯಾಗಿ ಕಂಡರೂ ಒಳಗೆ ಎಷ್ಟು ಹಿಗ್ಗಿದೆ ಎಂದು ಕಣ್ಣು ಹೇಳಲಾರದು. ಗುಜರಿಗೆ ಹಾಕುವಾಗ ಗ್ರೈಂಡರಿನಲ್ಲಿ ಎರಡು ಮೂರು ಕಡೆ ಕತ್ತರಿಸಿ ಹಾಕಿ. ಇಡಿಯಾಗಿ ಬಿಟ್ಟರೆ ಯಾರೋ ಒಬ್ಬರು ಒಳ್ಳೆಯ ಚೈನ್ ಎಂದು ಎತ್ತಿಕೊಂಡು ಹೋಗಿ ತಮ್ಮ ಟ್ರೇಲರಿಗೆ ಕಟ್ಟುತ್ತಾರೆ.